ಬಿಸಿಯಾಗುವ ವೈಪರ್ ಹಾಕಿಸಬೇಕಾ? ರಾತ್ರಿ ಪಾಳಿಗೆ ಐ-94ರಲ್ಲಿ ಓಡಾಡುವವಳ ಪ್ರಶ್ನೆ

ಶ್ರೀರಂಗಪಟ್ಟಣದ ನರ್ಸ್ · ಮೇಪಲ್ ಗ್ರೋವ್, ಮಿನ್ನೆಸೋಟ · ನವೆಂಬರ್ 16

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಾನು ಸೇಂಟ್ ಕ್ಲೌಡ್‌ನ ಒಂದು ಆಸ್ಪತ್ರೆಯಲ್ಲಿ ನರ್ಸ್. ವಾರಕ್ಕೆ ಮೂರು ರಾತ್ರಿ ಪಾಳಿ. ಹೋಗಲು ಸುಮಾರು 50 ಮೈಲಿ, ಬರಲು 50 ಮೈಲಿ, ಹೆಚ್ಚುಕಡಿಮೆ ಎಲ್ಲ ಐ-94 ಹೈವೇಯಲ್ಲೇ. ಇದು ಇಲ್ಲಿ ನನ್ನ ಎರಡನೇ ಚಳಿಗಾಲ. ಹೋದ ವರ್ಷ ಯಜಮಾನರು ಬಿಟ್ಟು ಬರುತ್ತಿದ್ದರು. ಈಗ ಮನೆಯಲ್ಲಿ ಪುಟ್ಟ ಮಗು ಇದೆ, ಹಾಗಾಗಿ ನಾನೇ ಓಡಿಸುತ್ತೇನೆ.

ಹೋದ ವಾರ ಮೊದಲ ಹಿಮ ಬಿತ್ತಲ್ಲ, ಅವತ್ತು ಸಂಜೆ ನಾನು ದಾರಿಯಲ್ಲಿದ್ದೆ. ಮನೆ ಬಿಟ್ಟಾಗ ಎಲ್ಲ ಚೆನ್ನಾಗಿತ್ತು. ಅರ್ಧ ಗಂಟೆಯಲ್ಲಿ ವೈಪರ್ ಬ್ಲೇಡಿನ ಮೇಲೆ ಐಸ್ ಗಂಟು ಗಂಟಾಗಿ ಕೂತಿತು. ಎರಡು ತುದಿ ಮಾತ್ರ ಗಾಜಿಗೆ ತಾಗುತ್ತಿತ್ತು, ನಡುವಿನ ಭಾಗ ಎದ್ದು ನಿಂತಿತ್ತು. ಸರಿಯಾಗಿ ನನ್ನ ಕಣ್ಣ ಮುಂದೆ ಒಂದು ಅಗಲ ಪಟ್ಟಿ ಒರೆಸದೇ ಉಳಿಯಿತು. ಪಕ್ಕದಲ್ಲಿ ಲಾರಿ ಹೋದಾಗಲೆಲ್ಲ ಕೆಸರು ಹಿಮ ಎರಚುತ್ತಿತ್ತು. ಗಾಜು ತೊಳೆಯಲು ನೀರು ಚಿಮ್ಮಿಸುವ ವಾಷರ್ ಒತ್ತಿದೆ. ಅದು ಗಾಜಿಗೆ ಬಿದ್ದ ತಕ್ಷಣ ಬೆಳ್ಳಗೆ ಗಟ್ಟಿಯಾಯಿತು. ನಾಲ್ಕೈದು ಸೆಕೆಂಡ್ ನನಗೆ ಏನೂ ಕಾಣಲಿಲ್ಲ. ಅದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ.

ಮಾಂಟಿಸೆಲೊ ಹತ್ತಿರ ಇಳಿದು, ಒಂದು ಪೆಟ್ರೋಲ್ ಬಂಕಿನಲ್ಲಿ ಕೈಯಿಂದ ಐಸ್ ಬಿಡಿಸಿ, ಮತ್ತೆ ಹೊರಟೆ. ಅದಾದ ಮೇಲೆ ಇನ್ನೂ ಎರಡು ಸಲ ನಿಲ್ಲಿಸಬೇಕಾಯಿತು.

ಯಜಮಾನರು ಬಿಸಿಯಾಗುವ ವೈಪರ್ ಕಿಟ್ ನೋಡಿದ್ದಾರೆ. ಬ್ಯಾಟರಿಗೆ ವೈರ್ ಕೊಟ್ಟರೆ ಬ್ಲೇಡೇ ಬೆಚ್ಚಗಾಗುತ್ತದಂತೆ. ಬೆಲೆ ಮಾಮೂಲಿ ಬ್ಲೇಡಿನ ಎಷ್ಟೋ ಪಟ್ಟು. ಯಾರಾದರೂ ಹಾಕಿಸಿದ್ದೀರಾ? ನಿಜವಾಗಿ ಕೆಲಸ ಮಾಡುತ್ತದಾ? ಹೇಗೆ ಆರಿಸಬೇಕು? ನಮ್ಮದು 2019ರ ಕ್ಯಾಮ್ರಿ.

---

ಕುಂದಾಪುರ ಕಡಲು · ಕಲಮಝೂ, ಮಿಷಿಗನ್ · ನವೆಂಬರ್ 16

ನಿಲ್ಲಿಸಿ ಬಿಡಿಸಿದಿರಲ್ಲ, ಅದೇ ಸರಿ ಮಾರಾಯ್ರೆ. ಇಲ್ಲಿ ಕೆಲವರು ಕಿಟಕಿ ಇಳಿಸಿ, ಓಡುವ ಗಾಡಿಯಲ್ಲೇ ಕೈ ಹೊರಗೆ ಹಾಕಿ, ಬ್ಲೇಡ್ ಹಿಡಿದು ಗಾಜಿಗೆ ಬಡಿಯುತ್ತಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಹೈವೇ ಪಕ್ಕದ ಶೋಲ್ಡರ್‌ನಲ್ಲೂ ನಿಲ್ಲಿಸಬೇಡಿ. ಹಿಂದಿನವರಿಗೂ ಏನೂ ಕಾಣುತ್ತಿರುವುದಿಲ್ಲ. ಎಕ್ಸಿಟ್ ತೆಗೆದುಕೊಂಡೇ ನಿಲ್ಲಿಸಿ.

ನಾನಿರುವುದೂ ಅದೇ ಐ-94ರ ಮೇಲೆ, ಆದರೆ ಮಿಷಿಗನ್ ಸರೋವರದ ಈಚೆ ಕಡೆ. ಸರೋವರದ ಮೇಲಿಂದ ಬರುವ ಗಾಳಿ ಹಿಮವನ್ನು ತಂದು ಸುರಿಯುತ್ತದೆ. ಬಿಸಿಲಿರುತ್ತದೆ, ಮುಂದಿನ ಮೈಲಿಯಲ್ಲಿ ಬೆಳ್ಳಗೆ ಗೋಡೆ. 2015ರ ಜನವರಿ 9ರಂದು ಗೇಲ್ಸ್‌ಬರ್ಗ್ ಹತ್ತಿರ 193 ಗಾಡಿಗಳು ಒಂದಕ್ಕೊಂದು ಗುದ್ದಿಕೊಂಡದ್ದು ಇದೇ ರಸ್ತೆಯಲ್ಲಿ. ಪಟಾಕಿ ತುಂಬಿದ ಲಾರಿಯೂ ಅದರಲ್ಲಿತ್ತು. ಹಾಗಾಗಿ ಮುಂದಿನ ಗಾಜಿನ ವಿಷಯದಲ್ಲಿ ನಾನು ಸ್ವಲ್ಪವೂ ಬಿಟ್ಟುಕೊಡುವುದಿಲ್ಲ.

ಕಿಟ್ ಬಗ್ಗೆ ಹಾಸನದವರು ಬಂದು ಹೇಳಲಿ. ಅವರಿಗೆ ಚೆನ್ನಾಗಿ ಗೊತ್ತು.

---

ಹಾಸನ ಗ್ಯಾರೇಜ್ · ಲ್ಯಾನ್ಸಿಂಗ್, ಮಿಷಿಗನ್ · ನವೆಂಬರ್ 16

ತಂಗಿ, ಕಿಟ್ ಬಗ್ಗೆ ಹೇಳುವ ಮೊದಲು ನಾಲ್ಕು ವಿಷಯ ಕೇಳಬೇಕು. ಅವತ್ತು ಹೊರಗೆ ಎಷ್ಟು ಡಿಗ್ರಿ ಇತ್ತು? ವಾಷರ್ ತೊಟ್ಟಿಯಲ್ಲಿ ಯಾವ ಫ್ಲೂಯಿಡ್ ಇದೆ, ಕೊನೆಗೆ ತುಂಬಿಸಿದ್ದು ಯಾವಾಗ? ಈಗಿರುವ ಬ್ಲೇಡ್ ಯಾವ ತರದ್ದು? ಗಾಜಿಗೆ ಬಿಸಿ ಗಾಳಿ ಬಿಡುವ ಡಿಫ್ರಾಸ್ಟ್ ಎಷ್ಟರಲ್ಲಿ ಇಟ್ಟಿದ್ದಿರಿ?

---

ಶ್ರೀರಂಗಪಟ್ಟಣದ ನರ್ಸ್ · ನವೆಂಬರ್ 17

ಅಣ್ಣ, ಪಾಳಿ ಮುಗಿಸಿ ಈಗ ನೋಡಿದೆ. ಹೊರಗೆ 27, 28 ಫ್ಯಾರನ್‌ಹೀಟ್ ಇತ್ತು. ಫ್ಲೂಯಿಡ್ ಆಗಸ್ಟ್‌ನಲ್ಲಿ ತುಂಬಿಸಿದ್ದು, ನೀಲಿ ಬಣ್ಣ. ಡಬ್ಬಿ ಗ್ಯಾರೇಜಿನಲ್ಲೇ ಇದೆ, ಮೇಲೆ ಪ್ಲಸ್ 32 ಎಂದು ಬರೆದಿದೆ. ಬ್ಲೇಡ್ ಲೋಹದ ಚೌಕಟ್ಟಿನದು, ಮಧ್ಯೆ ಮಧ್ಯೆ ಕೀಲುಗಳಿವೆ. ಕಾರು ಸೆಕೆಂಡ್ ಹ್ಯಾಂಡ್, ಅದರ ಜೊತೆಯಲ್ಲೇ ಬಂದದ್ದು. ಡಿಫ್ರಾಸ್ಟ್ ಪೂರ್ತಿ ಬಿಸಿ, ಪೂರ್ತಿ ಜೋರು.

---

ಹಾಸನ ಗ್ಯಾರೇಜ್ · ನವೆಂಬರ್ 17

ಅರ್ಧ ಉತ್ತರ ಅಲ್ಲೇ ಇದೆ. ನಿಧಾನವಾಗಿ ಬರೆಯುತ್ತೇನೆ, ಇದು ಬೇರೆಯವರಿಗೂ ಬೇಕಾಗುತ್ತದೆ.

ವೈಪರ್ ಕೈ ಕೊಡುವುದು ಒಂದೇ ತರ ಅಲ್ಲ. ಬೆಳಿಗ್ಗೆ ಗಾಡಿ ಹತ್ತಿರ ಹೋದಾಗ ಬ್ಲೇಡ್ ಗಾಜಿಗೆ ಅಂಟಿಕೊಂಡಿರುವುದು ಒಂದು. ಓಡುವಾಗ ಬ್ಲೇಡಿನ ಮೇಲೆ ಐಸ್ ಕಟ್ಟುವುದು ಇನ್ನೊಂದು. ಬ್ಲೇಡ್ ಚೆನ್ನಾಗಿದ್ದರೂ ಉಪ್ಪುನೀರಿನ ಬೂದು ಪದರ ಗಾಜಿನ ಮೇಲೆ ಕೂರುವುದು ಮತ್ತೊಂದು. ಒಂದೊಂದಕ್ಕೂ ಮದ್ದು ಬೇರೆ. ಬಿಸಿಯಾಗುವ ಬ್ಲೇಡ್ ಮುಖ್ಯವಾಗಿ ಎರಡನೆಯದಕ್ಕೆ. ಜನ ಮೊದಲನೆಯದಕ್ಕೋ ಮೂರನೆಯದಕ್ಕೋ ಅದನ್ನು ತಂದು, ಆಮೇಲೆ ಕೆಲಸ ಮಾಡಲಿಲ್ಲ ಎಂದು ಬೇಜಾರಾಗುತ್ತಾರೆ.

ನಿಮಗೆ ಅವತ್ತು ಎರಡು ಕಷ್ಟ ಒಟ್ಟಿಗೆ ಬಂದಿದೆ. ವಾಷರ್ ಗಟ್ಟಿಯಾದದ್ದು ಫ್ಲೂಯಿಡಿನಿಂದ. ಪ್ಲಸ್ 32 ಎಂದರೆ ಬೇಸಿಗೆಯ ಫ್ಲೂಯಿಡ್, ನೀರು ಹೆಪ್ಪುಗಟ್ಟುವ ಮಟ್ಟದಲ್ಲೇ ಅದೂ ಗಟ್ಟಿಯಾಗುತ್ತದೆ. ನಿಮಗೆ ಬೇಕಾದದ್ದು ಮೈನಸ್ 20 ಫ್ಯಾರನ್‌ಹೀಟ್ ಎಂದು ಬರೆದಿರುವುದು, ಸೆಲ್ಸಿಯಸ್‌ನಲ್ಲಿ ಮೈನಸ್ 29. ಅದಕ್ಕಿಂತ ಕೆಳಗಿನದು ಸಿಕ್ಕರೆ ಇನ್ನೂ ಒಳ್ಳೆಯದು. ಬಣ್ಣ ನೋಡಿ ತರಬೇಡಿ, ಎರಡೂ ನೀಲಿಯೇ ಇರಬಹುದು. ಡಬ್ಬಿಯ ಮೇಲಿನ ಅಂಕಿ ನೋಡಿ. ಇನ್ನೊಂದು ಮಾತು: ಹಳೆಯದರ ಮೇಲೆ ಹೊಸದನ್ನು ಸುರಿದರೆ ಎರಡೂ ಸೇರಿ ತೆಳುವಾಗುತ್ತದೆ. ಮನೆ ಮುಂದೆ ನಿಲ್ಲಿಸಿ, ವಾಷರ್ ಒತ್ತಿ ಒತ್ತಿ ಹಳೆಯದನ್ನು ಪೂರ್ತಿ ಖಾಲಿ ಮಾಡಿ, ಆಮೇಲೆ ಹೊಸದು ತುಂಬಿಸಿ. ತುಂಬಿಸಿದ ಮೇಲೂ ಸ್ವಲ್ಪ ಹೊತ್ತು ಚಿಮ್ಮಿಸಿ, ಪೈಪಿನಲ್ಲಿ ಹಳೆಯದು ಉಳಿದಿರುತ್ತದೆ.

ಅದರಲ್ಲಿರುವುದು ಹೆಚ್ಚಾಗಿ ಮೆಥನಾಲ್. ನೀವು ನರ್ಸ್, ನಿಮಗೆ ಹೇಳಬೇಕಿಲ್ಲ. ಆದರೆ ಓದುವ ಬೇರೆಯವರಿಗೆ: ಅದು ವಿಷ, ಶರಬತ್ತಿನ ಬಣ್ಣದ ವಿಷ. ಮಕ್ಕಳ ಕೈಗೆ ಸಿಗದ ಜಾಗದಲ್ಲಿ ಇಡಿ.

ಈಗ ಬ್ಲೇಡಿನ ಮೇಲಿನ ಐಸ್. ಅದು ಹೇಗೆ ಕಟ್ಟುತ್ತದೆ ಗೊತ್ತಾ? ಹಿಮ ಬಂದು ಬೆಚ್ಚಗಿನ ಗಾಜಿಗೆ ಬೀಳುತ್ತದೆ, ಕರಗಿ ನೀರಾಗುತ್ತದೆ. ಬ್ಲೇಡ್ ಆ ನೀರನ್ನು ತಳ್ಳಿಕೊಂಡು ಹೋಗುತ್ತದೆ. ಬ್ಲೇಡ್ ಇರುವುದು ಗಾಜಿನ ಹೊರಗೆ, 60 ಮೈಲಿ ವೇಗದ ತಣ್ಣನೆ ಗಾಳಿಯಲ್ಲಿ. ಗಾಜಿನ ಮೇಲಿದ್ದ ನೀರು ಬ್ಲೇಡಿನ ಮೇಲೆ ಹತ್ತಿ ಮತ್ತೆ ಐಸ್ ಆಗುತ್ತದೆ. ಗಾಜು ಬಿಸಿಯಾದಷ್ಟೂ ಬ್ಲೇಡಿಗೆ ನೀರು ಜಾಸ್ತಿ. ಚೌಕಟ್ಟಿನ ಕೀಲುಗಳಲ್ಲಿ ಐಸ್ ತುಂಬಿದರೆ ಬ್ಲೇಡ್ ಬಾಗುವುದನ್ನೇ ಮರೆಯುತ್ತದೆ. ಗಾಜಿನ ಬಾಗು ಎಲ್ಲ ಕಡೆ ಒಂದೇ ಅಲ್ಲ, ಬ್ಲೇಡ್ ಮಾತ್ರ ಒಂದೇ ಬಾಗಿನಲ್ಲಿ ಗಟ್ಟಿಯಾಗಿದೆ, ಆಗ ನಡುವೆ ಸಂದಿ ಉಳಿಯುತ್ತದೆ. ನಿಮ್ಮ ಕಣ್ಣ ಮುಂದಿನ ಪಟ್ಟಿ ಅದೇ.

ಹಾಗಾಗಿ ಮೊದಲು ಬ್ಲೇಡಿನ ತರ ಬದಲಿಸಿ. ಚಳಿಗಾಲದ ಬ್ಲೇಡ್ ಎಂದು ಸಿಗುತ್ತದೆ, ಚೌಕಟ್ಟಿಗೆ ಪೂರ್ತಿ ರಬ್ಬರ್ ಕವಚ ಹಾಕಿರುತ್ತಾರೆ, ಕೀಲಿಗೆ ಹಿಮ ಹೋಗುವುದಿಲ್ಲ. ಇಲ್ಲವಾದರೆ ಬೀಮ್ ಬ್ಲೇಡ್, ಅದರಲ್ಲಿ ಕೀಲೇ ಇಲ್ಲ, ಒಳಗೆ ಒಂದೇ ಉಕ್ಕಿನ ಪಟ್ಟಿ. ಬಾಷ್‌ನವರದು, ಟ್ರೈಕೊದವರದು, ಎಲ್ಲ ಅಂಗಡಿಯಲ್ಲೂ ಇರುತ್ತದೆ. ಅಳತೆ ನೋಡಿಕೊಳ್ಳಿ, ನಿಮ್ಮ ಗಾಡಿಗೆ ಡ್ರೈವರ್ ಕಡೆ 26 ಇಂಚು, ಪಕ್ಕದ್ದು 20 ಇರಬೇಕು. ಟೇಪ್ ಹಿಡಿದು ಒಂದು ಸಲ ಅಳೆದುಬಿಡಿ.

ಕಿಟ್ ಬಗ್ಗೆ ನಾಳೆ ಬರೆಯುತ್ತೇನೆ. ವೈರಿಂಗ್ ವಿಷಯ ಅವಸರದಲ್ಲಿ ಹೇಳುವಂಥದ್ದಲ್ಲ.

---

ಧಾರವಾಡ ಪೇಡಾ · ಕ್ಯಾಲ್ಗರಿ · ನವೆಂಬರ್ 17

ಹಾಸನದ ಅಣ್ಣಾವ್ರು ಹೇಳಿದ್ದು ಖರೇ. ನಾನು ಒಂದು ಮಾತು ಸೇರಿಸುತ್ತೇನೆ ರೀ ಅಕ್ಕಾವ್ರೆ.

ಮೈನಸ್ 15, ಮೈನಸ್ 20 ಸೆಲ್ಸಿಯಸ್‌ನಲ್ಲಿ ಬೀಳುವ ಹಿಮ ಒಣ ಹಿಟ್ಟಿನ ಹಾಗೆ ಇರುತ್ತದೆ. ಗಾಜು ತಣ್ಣಗಿದ್ದರೆ ಅದು ಅಂಟುವುದೇ ಇಲ್ಲ, ಗಾಳಿಗೆ ಹಾರಿ ಹೋಗುತ್ತದೆ. ಅಂಥ ದಿನ ನಾನು ಬಿಸಿ ಗಾಳಿಯನ್ನು ಕಾಲಿಗೆ ತಿರುಗಿಸುತ್ತೇನೆ. ಗಾಜಿಗೆ ಮಂಜು ಹಿಡಿಯದಷ್ಟು ಮಾತ್ರ ಸ್ವಲ್ಪ ಗಾಳಿ ಬಿಡುತ್ತೇನೆ. ವೈಪರ್ ಆಫ್. ಮೊದಲ ಸಲ ಹೆದರಿಕೆ ಆಗುತ್ತದೆ, ಆದರೆ ನೋಡಿ, ಗಾಜು ತನ್ನಷ್ಟಕ್ಕೆ ಚೊಕ್ಕ ಇರುತ್ತದೆ. ಬಿಸಿ ಕೊಟ್ಟು ಕರಗಿಸಲು ಹೋದರೇ ತ್ರಾಸು ಶುರು.

ಆದರೆ ನಿಮ್ಮ 27, 28 ಫ್ಯಾರನ್‌ಹೀಟಿನಲ್ಲಿ ಈ ಉಪಾಯ ನಡೆಯುವುದಿಲ್ಲ. ಆ ಹಿಮ ಹಸಿ ಇರುತ್ತದೆ, ಎಲ್ಲದಕ್ಕೂ ಅಂಟುತ್ತದೆ. ಅಲ್ಲಿ ಬಿಸಿ ಬೇಕೇ ಬೇಕು. ನಮ್ಮಲ್ಲಿ ಚಿನೂಕ್ ಎಂಬ ಬೆಚ್ಚನೆ ಗಾಳಿ ಬೀಸಿದ ದಿನ ಹೀಗೇ ಆಗುತ್ತದೆ. ಮಧ್ಯಾಹ್ನ ಎಲ್ಲ ಕರಗಿ ರಸ್ತೆ ನೀರು ನೀರು, ಸಂಜೆ ಅದೇ ನೀರು ಗಾಜಿನ ಮೇಲೆ ಐಸ್. ಕಡು ಚಳಿಗಿಂತ ಈ ನಡುವಿನ ಚಳಿಯೇ ಗಾಜಿಗೆ ಕೆಟ್ಟದ್ದು.

---

ತೀರ್ಥಹಳ್ಳಿ ಮಳೆ · ಬಫಲೋ ಹತ್ತಿರ, ನ್ಯೂಯಾರ್ಕ್ · ನವೆಂಬರ್ 17

ನಾನು ಆಗುಂಬೆ ಘಾಟಿಯಲ್ಲಿ ಜೀಪ್ ಓಡಿಸಿ ಕಲಿತವನು. ಜುಲೈ ಮಳೆಯಲ್ಲಿ ವೈಪರ್ ಎಷ್ಟು ಜೋರು ಬೀಸಿದರೂ ಸಾಲದು. ಆದರೆ ಮಳೆ ಬ್ಲೇಡನ್ನು ಕೆಡಿಸುವುದಿಲ್ಲ. ಹಿಮ ಮೊದಲು ಬ್ಲೇಡನ್ನೇ ಹಿಡಿಯುತ್ತದೆ. ಈ ವ್ಯತ್ಯಾಸ ಅರ್ಥವಾಗಲು ನನಗೆ ಎರಡು ವರ್ಷ ಬೇಕಾಯಿತು.

ರಾತ್ರಿ ಅಂಟಿಕೊಳ್ಳುವುದಕ್ಕೆ ನಾನು ಮಾಡುವುದು ಇಷ್ಟು. ಗಾಡಿ ಆಫ್ ಮಾಡುವ ಮೊದಲು ವೈಪರ್ ಸ್ವಿಚ್ ಆಫ್. ಆಟೋದಲ್ಲಿ ಬಿಟ್ಟು ಇಳಿದರೆ, ಬೆಳಿಗ್ಗೆ ಕೀ ತಿರುಗಿಸಿದ ತಕ್ಷಣ ಅಂಟಿಕೊಂಡ ಬ್ಲೇಡನ್ನು ಮೋಟರ್ ಎಳೆಯುತ್ತದೆ. ಫ್ಯೂಸ್ ಹೋಗುತ್ತದೆ, ಇಲ್ಲವೇ ರಬ್ಬರ್ ಹರಿಯುತ್ತದೆ. ಗಾಜಿನ ಬುಡದಲ್ಲಿ ಗಾಳಿ ಒಳಗೆ ಹೋಗುವ ಜಾಲರಿ ಇದೆಯಲ್ಲ, ಅಲ್ಲಿನ ಹಿಮವನ್ನೂ ತೆಗೆಯಬೇಕು. ಅದು ಮುಚ್ಚಿದ್ದರೆ ಒಳಗಿನ ಗಾಜಿಗೆ ಮಂಜು ಹಿಡಿಯುತ್ತದೆ, ಡಿಫ್ರಾಸ್ಟ್ ಸರಿಯಾಗಿ ಆಗುವುದಿಲ್ಲ. ಬಿಸಿನೀರು ಮಾತ್ರ ಸುರಿಯಬೇಡಿ, ಗಾಜು ಬಿರಿಯುತ್ತದೆ.

ಬ್ಲೇಡ್ ಎತ್ತಿ ನಿಲ್ಲಿಸುವ ಬಗ್ಗೆ ಎರಡು ಅಭಿಪ್ರಾಯ ಇದೆ. ಗಾಳಿ ಇಲ್ಲದ ರಾತ್ರಿ ಎತ್ತಿಡಿ. ಬಿರುಗಾಳಿ ಇದ್ದರೆ ಬೇಡ, ಸ್ಪ್ರಿಂಗ್ ಬಿಗಿ ಇರುವ ತೋಳು ಗಾಜಿನ ಮೇಲೆ ಬಡಿದರೆ ಗಾಜೇ ಒಡೆಯಬಹುದು.

ಮತ್ತೆ, ಎಂಥ ವೈಪರ್ ಹಾಕಿಸಿದರೂ ಹೋಗಬಾರದ ದಿನ ಹೋಗಬಾರದು ಅಕ್ಕ. 2022ರ ಡಿಸೆಂಬರ್ ಬಿರುಗಾಳಿ ನಮ್ಮ ಕೌಂಟಿಯಲ್ಲೇ 40ಕ್ಕೂ ಹೆಚ್ಚು ಜನರನ್ನು ತೆಗೆದುಕೊಂಡು ಹೋಯಿತು. ಗಾಡಿಯೊಳಗೆ ಸಿಕ್ಕಿಬಿದ್ದು ತೀರಿಕೊಂಡವರೂ ಇದ್ದರು. ಹೊರಡುವ ಮುಂಚೆ ರಸ್ತೆಯ ಸ್ಥಿತಿ ತಿಳಿಸುವ ನಿಮ್ಮ ರಾಜ್ಯದ 511 ಸೇವೆ ನೋಡಿ. ಆಸ್ಪತ್ರೆಯಲ್ಲಿ ಮೊದಲೇ ಮಾತಾಡಿ, ಬಿರುಗಾಳಿ ಇದ್ದಾಗ ಅಲ್ಲೇ ಉಳಿಯಲು ಜಾಗ ಕೊಡುತ್ತಾರಾ ಕೇಳಿ.

---

ಶ್ರೀರಂಗಪಟ್ಟಣದ ನರ್ಸ್ · ನವೆಂಬರ್ 18

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಕೇಳುತ್ತೇನೆ. ಆದರೆ ನಮ್ಮ ವಾರ್ಡಿನಲ್ಲಿ ನಾನು ಬರುವವರೆಗೆ ಹಿಂದಿನ ಪಾಳಿಯವರು ಮನೆಗೆ ಹೋಗುವಂತಿಲ್ಲ. ನಾನು ತಡವಾದರೆ ಹನ್ನೆರಡು ಗಂಟೆ ನಿಂತು ದಣಿದವರು ಇನ್ನೂ ನಿಲ್ಲಬೇಕು. ಅದಕ್ಕೇ ಇಷ್ಟು ಕೇಳುತ್ತಿದ್ದೇನೆ.

---

ಹಾಸನ ಗ್ಯಾರೇಜ್ · ನವೆಂಬರ್ 18

ಅರ್ಥವಾಗುತ್ತದೆ ತಂಗಿ. ಕಿಟ್ ಬಗ್ಗೆ ಹೇಳುತ್ತೇನೆ.

ಮೊದಲು, ಬ್ಲೇಡಿನಿಂದ ಎಷ್ಟು ಬಿಸಿ ನಿರೀಕ್ಷಿಸಬಹುದು ನೋಡೋಣ. ಒಂದು ಬ್ಲೇಡ್ 2 ಆಂಪ್ ಎಳೆಯುತ್ತದೆ ಎಂದುಕೊಳ್ಳಿ. 12 ವೋಲ್ಟಿಗೆ 24 ವ್ಯಾಟ್. ಒಂದು ಗ್ರಾಂ ಐಸ್ ಕರಗಲು 334 ಜೂಲ್ ಬೇಕು. ಲೆಕ್ಕ ಹಾಕಿದರೆ ನಿಮಿಷಕ್ಕೆ ಸುಮಾರು 4 ಗ್ರಾಂ, ಒಂದು ಸಣ್ಣ ಚಮಚವೂ ತುಂಬುವುದಿಲ್ಲ. ಅದೂ ಗಾಳಿ ಒಂದಿಷ್ಟೂ ಬಿಸಿ ಕದಿಯದಿದ್ದರೆ. ಹೈವೇಯಲ್ಲಿ ಗಾಳಿ ಬಹಳಷ್ಟು ಕದಿಯುತ್ತದೆ. ಹಾಗಾಗಿ ಕಟ್ಟಿಹೋದ ದಪ್ಪ ಐಸನ್ನು ಅದು ಕರಗಿಸುತ್ತದೆ ಎಂದು ನಂಬಬೇಡಿ. ಹೊಸದಾಗಿ ಅಂಟಲು ಬಿಡುವುದಿಲ್ಲ, ರಬ್ಬರನ್ನು ಮೆತ್ತಗೆ ಇಡುತ್ತದೆ, ಅಷ್ಟು. ನಿಮ್ಮ 28 ಡಿಗ್ರಿಯ ಹಸಿ ಹಿಮಕ್ಕೆ ಆ ಅಷ್ಟೇ ಸಾಕು, ಏಕೆಂದರೆ ಅಲ್ಲಿ ಬ್ಲೇಡನ್ನು ನಾಲ್ಕೈದು ಡಿಗ್ರಿ ಮೇಲೆತ್ತಿ ಹೆಪ್ಪುಗಟ್ಟುವ ಮಟ್ಟ ದಾಟಿಸಿದರೆ ಕೆಲಸ ಆಯಿತು. ಕ್ಯಾಲ್ಗರಿಯ ಮೈನಸ್ 30ರಲ್ಲಿ ಅದರ ಬಿಸಿ ಸಾಲದು, ಆದರೆ ಆ ಚಳಿಯಲ್ಲಿ ಅದರ ಅಗತ್ಯವೂ ಕಡಿಮೆ.

ಹೊರಡುವ ಹೊತ್ತಿಗೆ ಬ್ಲೇಡ್ ಚೊಕ್ಕ ಇರಬೇಕು, ಕಿಟ್ ಮೊದಲೇ ಆನ್ ಆಗಿರಬೇಕು. ಐಸ್ ಕಂಡ ಮೇಲೆ ಸ್ವಿಚ್ ಹಾಕಿದರೆ ತಡವಾಯಿತು.

ಈಗ ವೈರಿಂಗ್. ಇಲ್ಲೇ ಹೆಚ್ಚಿನವರು ತಪ್ಪುವುದು. ಬ್ಯಾಟರಿಯಿಂದ ನೇರವಾಗಿ ಕೊಡಬಾರದು. ಇಗ್ನಿಷನ್ ಆನ್ ಇದ್ದಾಗ ಮಾತ್ರ ಕರೆಂಟ್ ಹೋಗುವ ಹಾಗೆ ರಿಲೇ ಎಂಬ ಸ್ವಿಚ್ ಇರಬೇಕು. ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಬೇಕು, ದೂರದಲ್ಲಲ್ಲ. ಯಾಕೆಂದರೆ ಫ್ಯೂಸಿಗೆ ಮುಂಚಿನ ವೈರ್ ಉಜ್ಜಿ ಶಾರ್ಟ್ ಆದರೆ ತಡೆಯುವವರೇ ಇಲ್ಲ. ಮೂಲ ವೈಪರ್ ಮೋಟರಿನ ವೈರಿಗೆ ಯಾವ ಕಾರಣಕ್ಕೂ ಸೇರಿಸಬೇಡಿ. ಆ ಫ್ಯೂಸ್ ಹೋದರೆ ಬಿಸಿಯೂ ಇಲ್ಲ, ವೈಪರೂ ಇಲ್ಲ.

ಇನ್ನು ಬ್ಲೇಡಿಗೆ ಹೋಗುವ ವೈರ್. ನಿಮಿಷಕ್ಕೆ 45 ಸಲ ಬೀಸಿದರೆ ಗಂಟೆಗೆ 2,700 ಸಲ ಆ ವೈರ್ ಬಾಗಿ ನೆಟ್ಟಗಾಗುತ್ತದೆ. ಒಂದು ಪಾಳಿಗೆ ಹೋಗಿ ಬರುವಷ್ಟರಲ್ಲಿ ಐದು ಸಾವಿರ ದಾಟುತ್ತದೆ. ಮಾಮೂಲಿ ಪ್ಲಾಸ್ಟಿಕ್ ಹೊದಿಕೆಯ ವೈರ್ ಚಳಿಗೆ ಗಡುಸಾಗಿ ಒಂದು ಕಡೆ ಮುರಿಯುತ್ತದೆ. ಸಿಲಿಕೋನ್ ಹೊದಿಕೆ ಚಳಿಯಲ್ಲೂ ಮೆತ್ತಗೆ ಇರುತ್ತದೆ. ಕಿಟ್ ಆರಿಸುವಾಗ ನಾನು ಮೊದಲು ನೋಡುವುದೇ ಈ ವೈರ್. ತೋಳು ತಿರುಗುವ ಜಾಗದಲ್ಲಿ ಒಂದು ಸಡಿಲ ಸುತ್ತು ಬಿಡಬೇಕು. ಬಿಗಿಯಾಗಿ ಕಟ್ಟಿದರೆ ಒಂದೇ ತಿಂಗಳು.

ಆಮೇಲೆ ನಿಮ್ಮ ತೋಳಿನ ತುದಿ ಯಾವ ತರ ಎಂದು ನೋಡಿ. ಕ್ಯಾಮ್ರಿಗೆ ಜೆ ಆಕಾರದ ಕೊಕ್ಕೆ, ಅದು ಸುಲಭ. ಯುರೋಪಿನ ಕೆಲವು ಗಾಡಿಗಳಿಗೆ ಬೇರೆ ತರ ಇರುತ್ತದೆ, ಕಿಟ್ ಕೂರುವುದೇ ಇಲ್ಲ. ರಬ್ಬರ್ ಸವೆದರೆ ರಬ್ಬರ್ ಮಾತ್ರ ಸಿಗುತ್ತದಾ, ಇಡೀ ಬ್ಲೇಡ್ ಕೊಳ್ಳಬೇಕಾ ಎಂದೂ ಕೇಳಿ. ಖರ್ಚಿನ ಲೆಕ್ಕ ಅಲ್ಲಿ ಬದಲಾಗುತ್ತದೆ.

---

ಚಿಕ್ಕಪೇಟೆ ಹುಡುಗ · ನೇಪರ್‌ವಿಲ್, ಇಲಿನಾಯ್ · ನವೆಂಬರ್ 18

ಬ್ಯಾಟರಿಗೆ ನೇರ ಕೊಡಬೇಡಿ ಎಂದರಲ್ಲ ಸರ್, ನನ್ನ ಕಥೆ ಅದೇ.

ಮೂರು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಹಾಕಿಸಿದೆ. ಅವರು ನೇರವಾಗಿ ಬ್ಯಾಟರಿಗೆ ಕೊಟ್ಟಿದ್ದರು. ಕಿಟ್‌ನಲ್ಲಿ ಥರ್ಮೋಸ್ಟಾಟ್ ಇದೆ, ಬೇಕಾದಾಗ ತಾನೇ ಆನ್ ಆಗುತ್ತದೆ ಎಂದರು. ಜನವರಿಯಲ್ಲಿ ಷಿಕಾಗೋದಲ್ಲಿ ಅದಕ್ಕೆ ಬೇಡ ಅನ್ನಿಸುವ ಹೊತ್ತೇ ಇಲ್ಲ. ಒಹೇರ್ ವಿಮಾನ ನಿಲ್ದಾಣದಲ್ಲಿ ಗಾಡಿ ಬಿಟ್ಟು ಎರಡು ದಿನ ಕೆಲಸದ ಮೇಲೆ ಹೋದೆ. ವಾಪಸ್ ಬಂದಾಗ ರಾತ್ರಿ ಒಂದು ಗಂಟೆ, ಜೊತೆಗೆ ಊರಿಂದ ಅದೇ ದಿನ ಬಂದಿಳಿದ ಅಮ್ಮ. ಬ್ಯಾಟರಿ ಪೂರ್ತಿ ಸತ್ತಿತ್ತು. ಬಾಗಿಲಿನ ರಿಮೋಟ್ ಕೂಡ ಕೆಲಸ ಮಾಡಲಿಲ್ಲ. ಅಮ್ಮನಿಗೆ ಆ ಚಳಿ ಹೊಸದು. ನನ್ನ ಜಾಕೆಟ್ ಕೂಡ ಅವರಿಗೇ ಹೊದಿಸಿ ನಿಂತಿದ್ದೆ.

---

ಹಾಸನ ಗ್ಯಾರೇಜ್ · ನವೆಂಬರ್ 18

ಎರಡು ಬ್ಲೇಡ್ ಸೇರಿ 4 ಆಂಪ್ 10 ಗಂಟೆ ಎಳೆದರೆ 40 ಆಂಪ್ ಅವರ್. ಮಾಮೂಲಿ ಕಾರಿನ ಬ್ಯಾಟರಿ 60ರ ಆಸುಪಾಸು, ಚಳಿಯಲ್ಲಿ ಅಷ್ಟೂ ಸಿಗುವುದಿಲ್ಲ. ಒಂದೇ ರಾತ್ರಿ ಸಾಕು. ಗಾಡಿ ಓಡುವಾಗ ಮಾತ್ರ ಇದು ದೊಡ್ಡ ಭಾರ ಅಲ್ಲ. ಹಿಂದಿನ ಗಾಜಿನ ಮಂಜು ಬಿಡಿಸುವ ಡಿಫಾಗರ್ ಇದಕ್ಕಿಂತ ಎಷ್ಟೋ ಜಾಸ್ತಿ ಎಳೆಯುತ್ತದೆ.

---

ಕೋಲಾರದವಳು · ಟ್ರಾಯ್, ಮಿಷಿಗನ್ · ನವೆಂಬರ್ 19

ಸರ್, ನಮ್ಮದು ಲೀಸ್ ಗಾಡಿ. ವೈರ್ ಎಳೆಯುವ ಹಾಗಿಲ್ಲ. ಬ್ಲೇಡ್ ಬಿಟ್ಟು ವಾಷರ್ ನೀರನ್ನೇ ಬಿಸಿ ಮಾಡುವ ಕಿಟ್ ಇದೆಯಂತೆ, ಅದು ಹೇಗೆ? ಕೆಲವು ಕಾರಲ್ಲಿ ಕಂಪನಿಯಿಂದಲೇ ವೈಪರ್ ಹೀಟರ್ ಬರುತ್ತದೆ ಅಂತಾರಲ್ಲ, ಅದು ಬೇರೆಯಾ?

---

ಹಾಸನ ಗ್ಯಾರೇಜ್ · ನವೆಂಬರ್ 19

ಬೇರೆ. ಕಂಪನಿಯವರು ಸಾಮಾನ್ಯವಾಗಿ ಬ್ಲೇಡನ್ನು ಬಿಸಿ ಮಾಡುವುದಿಲ್ಲ, ಬ್ಲೇಡ್ ಮಲಗುವ ಜಾಗದ ಗಾಜನ್ನು ಬಿಸಿ ಮಾಡುತ್ತಾರೆ. ಗಾಜಿನ ಕೆಳಗಿನ ಅಂಚಿನಲ್ಲಿ ತೆಳ್ಳಗಿನ ಗೆರೆಗಳು ಕಾಣುತ್ತವೆ, ಹಿಂದಿನ ಗಾಜಿನಲ್ಲಿರುವ ಹಾಗೆ. ಸುಬಾರುವಿನಲ್ಲಿ ಆಲ್ ವೆದರ್ ಪ್ಯಾಕೇಜ್ ಜೊತೆ ಬರುತ್ತದೆ. ಕೆನಡಾದಲ್ಲಿ ಮಾರುವ ಎಷ್ಟೋ ಟೊಯೋಟಾಗಳಲ್ಲೂ ಇದೆ. ಅಂಟಿಕೊಂಡ ಬ್ಲೇಡ್ ಬಿಡಿಸಲು ಅದು ಬಹಳ ಒಳ್ಳೆಯದು. ಸುಬಾರುವಿನಲ್ಲಿ ಸುಮಾರು 15 ನಿಮಿಷಕ್ಕೆ ತಾನೇ ಆಫ್ ಆಗುತ್ತದೆ, ಮತ್ತೆ ಒತ್ತಬೇಕು. ಫೋರ್ಡ್ ಯುರೋಪಿನಲ್ಲಿ 1985ರಿಂದಲೇ ಇಡೀ ಮುಂದಿನ ಗಾಜಿನೊಳಗೆ ಕೂದಲಿನಂಥ ತಂತಿ ಹಾಕಿ ಬಿಸಿ ಮಾಡುವ ಏರ್ಪಾಟು ಕೊಟ್ಟಿದೆ. ಹೊಸ ಗಾಡಿ ಕೊಳ್ಳುವವರು ಸನ್‌ರೂಫ್ ಇದೆಯಾ ಎಂದು ಕೇಳುವ ಮೊದಲು ಇದನ್ನು ಕೇಳಿ.

ನೀರು ಬಿಸಿ ಮಾಡುವುದರ ಬಗ್ಗೆ ನಾನು ಹುಷಾರು ಎಂದೇ ಹೇಳುತ್ತೇನೆ. ಜನರಲ್ ಮೋಟಾರ್ಸ್ ಇದನ್ನು ಕಂಪನಿಯಿಂದಲೇ ಹಾಕಿ ಕೊಟ್ಟಿತ್ತು. 2008ರಲ್ಲಿ ಒಂದು ಸಲ ವಾಪಸ್ ಕರೆಸಿ ಸರಿಪಡಿಸಿದರು. ಆದರೂ ಬೆಂಕಿಯ ಅಪಾಯ ಹೋಗಲಿಲ್ಲ. 2010ರ ಜೂನ್‌ನಲ್ಲಿ 2006ರಿಂದ 2009ರವರೆಗಿನ ಸುಮಾರು 15 ಲಕ್ಷ ಗಾಡಿಗಳನ್ನು ಮತ್ತೆ ಕರೆಸಿ, ಆ ಹೀಟರನ್ನೇ ನಿಲ್ಲಿಸಿ, ಮಾಲೀಕರಿಗೆ ತಲಾ 100 ಡಾಲರ್ ಕೊಟ್ಟರು. ಅಷ್ಟು ದೊಡ್ಡ ಕಂಪನಿಗೇ ಕಷ್ಟವಾದದ್ದನ್ನು ಹೆಸರಿಲ್ಲದ ಕಿಟ್ ಮೇಲೆ ನಂಬಿ ಬಾನೆಟ್ಟಿನೊಳಗೆ ಇಡಲು ನನಗೆ ಮನಸ್ಸು ಬರುವುದಿಲ್ಲ. ಒಳಗೆ ಇರುವುದು ಹೊತ್ತಿಕೊಳ್ಳುವ ಮೆಥನಾಲ್ ಬೇರೆ.

ನಿಮ್ಮ ಲೀಸ್ ಗಾಡಿಗೆ ಚಳಿಗಾಲದ ಬ್ಲೇಡ್, ಒಳ್ಳೆಯ ಫ್ಲೂಯಿಡ್, ಇಷ್ಟು ಸಾಕು. ನೀವು ಊರೊಳಗೆ ಓಡಾಡುವವರು, ಅಲ್ವಾ?

---

ಕೋಲಾರದವಳು · ನವೆಂಬರ್ 19

ಹೌದು ಸರ್, ಆಫೀಸಿಗೆ ಆರು ಮೈಲಿ. ಮನಸ್ಸು ಹಗುರವಾಯಿತು.

---

ಧಾರವಾಡ ಪೇಡಾ · ನವೆಂಬರ್ 19

ಸ್ವಂತ ಗಾಡಿಯವರಿಗೆ ಇನ್ನೊಂದು ಪ್ರಶ್ನೆ ಬರುತ್ತದೆ, ಕಿಟ್ ಹಾಕಿಸಿದರೆ ವಾರಂಟಿ ಹೋಗುತ್ತದಾ ಅಂತ. ಕೆನಡಾದ ಮಾತು ಬೇರೆ, ಅಮೆರಿಕದಲ್ಲಿ ಹೇಗೆ ರೀ?

---

ಹಾಸನ ಗ್ಯಾರೇಜ್ · ನವೆಂಬರ್ 20

ಅಮೆರಿಕದಲ್ಲಿ 1975ರ ಮ್ಯಾಗ್ನಸನ್ ಮಾಸ್ ಕಾಯ್ದೆ ಇದೆ. ಹೊರಗಿನ ವಸ್ತು ಹಾಕಿಸಿದರು ಎಂಬ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಮಾಡುವಂತಿಲ್ಲ. ಆದರೆ ಆ ವಸ್ತುವಿನಿಂದಲೇ ಹಾಳಾದ ಭಾಗಕ್ಕೆ ಅವರು ಕೊಡಬೇಕಿಲ್ಲ. ಅದಕ್ಕೇ ರಿಲೇ, ಫ್ಯೂಸ್ ಎಂದು ನಾನು ಇಷ್ಟು ಹೇಳುವುದು. ಮೂಲ ವೈರನ್ನು ಎಲ್ಲೂ ಕತ್ತರಿಸದೆ ಹಾಕಬಹುದು, ಹಾಗೇ ಹಾಕಬೇಕು.

---

ತೀರ್ಥಹಳ್ಳಿ ಮಳೆ · ನವೆಂಬರ್ 20

ಈ ಚರ್ಚೆ ಓದುತ್ತ ಒಂದು ನೆನಪಾಯಿತು. ವೈಪರ್‌ಗೆ ಪೇಟೆಂಟ್ ಪಡೆದವರಲ್ಲಿ ಮೊದಲಿಗರಲ್ಲೊಬ್ಬರು ಮೇರಿ ಆಂಡರ್ಸನ್ ಎಂಬ ಹೆಂಗಸು, 1903ರಲ್ಲಿ. ಅಲಬಾಮಾದವರು. ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಬಂದಾಗ, ಹಿಮ ಬೀಳುತ್ತಿದ್ದರೂ ಟ್ರಾಮ್ ಚಾಲಕ ದಾರಿ ಕಾಣಲಿ ಎಂದು ಮುಂದಿನ ಗಾಜು ತೆರೆದು ಓಡಿಸುತ್ತಿದ್ದುದನ್ನು ನೋಡಿದರಂತೆ. ಒಳಗೆ ಕೂತು ಹಿಡಿ ಎಳೆದರೆ ಹೊರಗಿನ ಗಾಜು ಒರೆಸುವ ಸಾಧನ ಮಾಡಿದರು. ವೈಪರ್ ಹುಟ್ಟಿದ್ದೇ ಮಳೆಗಿಂತ ಹಿಮಕ್ಕೆ ಎಂದು ತಿಳಿದಾಗ ನನಗೆ ಬಹಳ ಆಶ್ಚರ್ಯ ಆಗಿತ್ತು.

---

ಶ್ರೀರಂಗಪಟ್ಟಣದ ನರ್ಸ್ · ಡಿಸೆಂಬರ್ 9

ಬರೆಯಲು ತಡವಾಯಿತು. ಮಾಡಿದ್ದನ್ನು ಹೇಳುತ್ತೇನೆ.

ಮೊದಲ ವಾರ ಫ್ಲೂಯಿಡ್ ಬದಲಿಸಿದೆವು, ಹಳೆಯದನ್ನು ಪೂರ್ತಿ ಖಾಲಿ ಮಾಡಿ. ಫ್ಲೀಟ್ ಫಾರ್ಮ್ ಅಂಗಡಿಯಿಂದ ಚಳಿಗಾಲದ ಬ್ಲೇಡ್ ತಂದೆವು. ಯಜಮಾನರೇ ಹಾಕಿದರು, ಹತ್ತು ನಿಮಿಷದ ಕೆಲಸ. ಎರಡು ಡಬ್ಬಿ ಫ್ಲೂಯಿಡ್ ಯಾವಾಗಲೂ ಡಿಕ್ಕಿಯಲ್ಲಿ. ಉಪ್ಪು ಹಾಕಿದ ರಸ್ತೆಯಲ್ಲಿ ಎಷ್ಟು ಬೇಗ ಖಾಲಿಯಾಗುತ್ತದೆ ಎಂದು ಈಗ ಗೊತ್ತಾಯಿತು.

ಇಷ್ಟಕ್ಕೇ ಬಹಳ ವ್ಯತ್ಯಾಸ. ಒಣ ಹಿಮದ ಎರಡು ರಾತ್ರಿ ಧಾರವಾಡದವರು ಹೇಳಿದ ಹಾಗೆ ಬಿಸಿ ಗಾಳಿಯನ್ನು ಕಾಲಿಗೆ ತಿರುಗಿಸಿದೆ. ಹಿಮ ಗಾಜಿಗೆ ತಾಗಿ ಹಾರಿ ಹೋಗುವುದನ್ನು ಕಣ್ಣಾರೆ ನೋಡಿದೆ.

ಆದರೆ ಮೊನ್ನೆ ಮತ್ತೆ 29 ಡಿಗ್ರಿ, ಹಸಿ ಹಿಮ. ಕೀಲು ಗಟ್ಟಿಯಾಗಲಿಲ್ಲ, ಸಂದಿ ಉಳಿಯಲಿಲ್ಲ. ಆದರೂ ರಬ್ಬರಿನ ಅಂಚಿನಲ್ಲಿ ಐಸ್ ಕಟ್ಟಿ ಗೆರೆ ಗೆರೆ ಬಿತ್ತು. ಒಂದು ಸಲ ನಿಲ್ಲಿಸಬೇಕಾಯಿತು. ಅದಕ್ಕೇ ಕಿಟ್ ಹಾಕಿಸಲು ತೀರ್ಮಾನ ಮಾಡಿದ್ದೇವೆ. ಸಿಲಿಕೋನ್ ವೈರ್ ಇರುವುದೇ ಆರಿಸಿದೆವು, ಜೆ ಕೊಕ್ಕೆಗೆ ಕೂರುತ್ತದೆ. ಹಾಸನದ ಅಣ್ಣ ಬರೆದದ್ದನ್ನು ಇಂಗ್ಲಿಷಿಗೆ ಮಾಡಿ, ಪ್ರಿಂಟ್ ತೆಗೆದು ಗ್ಯಾರೇಜಿನವರ ಕೈಗೆ ಕೊಟ್ಟೆ. ಹಾಕುವಾಗ ಪಕ್ಕದಲ್ಲೇ ನಿಂತು ಫ್ಯೂಸ್ ಎಲ್ಲಿದೆ ಎಂದು ನೋಡಿಕೊಂಡು ಬರುತ್ತೇನೆ.

ಆಸ್ಪತ್ರೆಯಲ್ಲೂ ಕೇಳಿದೆ. ಬಿರುಗಾಳಿಯ ಎಚ್ಚರಿಕೆ ಇದ್ದ ದಿನ ಮೊದಲೇ ಬಂದು ಮಲಗಲು ಒಂದು ಕೋಣೆ ಕೊಡುತ್ತಾರಂತೆ. ಕೇಳದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ತೀರ್ಥಹಳ್ಳಿಯವರಿಗೆ ತುಂಬಾ ಥ್ಯಾಂಕ್ಸ್.

---

ಕುಂದಾಪುರ ಕಡಲು · ಡಿಸೆಂಬರ್ 9

ಇದು ಓದಿ ಖುಷಿಯಾಯಿತು ಮಾರಾಯ್ರೆ. ಕಿಟ್ ಹಾಕಿಸಿದ ಮೇಲೆ ಹಗಲಲ್ಲಿ ಒಂದು ಸಲ ಹತ್ತಿರದ ರಸ್ತೆಯಲ್ಲಿ ಓಡಿಸಿ ನೋಡಿ. ಮೊದಲ ಪರೀಕ್ಷೆ ರಾತ್ರಿ ಹೈವೇಯಲ್ಲಿ ಬೇಡ.

---

ಶ್ರೀರಂಗಪಟ್ಟಣದ ನರ್ಸ್ · ಜನವರಿ 17

ಸಂಕ್ರಾಂತಿ ಎಳ್ಳು ಬೆಲ್ಲ ಎಲ್ಲರಿಗೂ ಇಲ್ಲಿಂದಲೇ.

ಕಿಟ್ ಹಾಕಿಸಿ ಒಂದು ತಿಂಗಳಾಯಿತು. ಅದಾದ ಮೇಲೆ ಹಸಿ ಹಿಮ ನಾಲ್ಕು ಸಲ ಸಿಕ್ಕಿದೆ. ಮೂರು ಸಲ ಒಮ್ಮೆಯೂ ನಿಲ್ಲಿಸದೆ ಸೇಂಟ್ ಕ್ಲೌಡ್ ಮುಟ್ಟಿದೆ. ಬ್ಲೇಡ್ ಮುಟ್ಟಿ ನೋಡಿದರೆ ಸ್ವಲ್ಪ ಬೆಚ್ಚಗೆ, ಅಷ್ಟೇ. ಆದರೆ ರಬ್ಬರ್ ಒದ್ದೆಯಾಗಿರುತ್ತದೆ, ಐಸ್ ಇರುವುದಿಲ್ಲ. ನಾಲ್ಕನೇ ಸಲ ಹಿಮ ಅಲ್ಲ, ಹೆಪ್ಪುಗಟ್ಟುವ ಮಳೆ. ಅದಕ್ಕೆ ಯಾವುದೂ ನಿಲ್ಲಲಿಲ್ಲ, ಗಾಜಿನ ಅಂಚು, ಕನ್ನಡಿ, ರಸ್ತೆ ಎಲ್ಲ ಐಸ್. ಆಲ್ಬರ್ಟ್‌ವಿಲ್ ಹತ್ತಿರ ಇಳಿದು, ವಾರ್ಡಿಗೆ ಫೋನ್ ಮಾಡಿ, ಉಪ್ಪು ಹಾಕುವ ಗಾಡಿ ಹೋಗುವವರೆಗೆ ಒಂದೂವರೆ ಗಂಟೆ ಕೂತಿದ್ದೆ.

ಒಂದು ಸಣ್ಣ ಪ್ರಶ್ನೆ ಉಳಿದಿದೆ ಅಣ್ಣ. ಏಪ್ರಿಲ್‌ನಲ್ಲಿ ಇದನ್ನು ಬಿಚ್ಚಿಡಬೇಕಾ, ಹಾಗೇ ಬಿಡಬಹುದಾ?

---

ಹಾಸನ ಗ್ಯಾರೇಜ್ · ಜನವರಿ 18

ಬಿಚ್ಚಿಡಿ. ಬೇಸಿಗೆ ಬಿಸಿಲಿಗೆ ರಬ್ಬರ್ ಸುಮ್ನೆ ಹಾಳಾಗುತ್ತದೆ. ತೋಳಿನ ಹತ್ತಿರ ಇರುವ ಕನೆಕ್ಟರ್ ಬಿಡಿಸಿ, ಉಪ್ಪು ಕೂತಿದ್ದರೆ ಒರೆಸಿ, ಗಾಡಿಯ ಕಡೆಯ ತುದಿಗೆ ಮುಚ್ಚಳ ಹಾಕಿ ಟೇಪ್ ಸುತ್ತಿ. ರಿಲೇ ಅಲ್ಲೇ ಇರಲಿ, ಫ್ಯೂಸ್ ಮಾತ್ರ ತೆಗೆದಿಡಿ. ಬ್ಲೇಡನ್ನು ಮನೆಯೊಳಗೆ ನೆಟ್ಟಗೆ ಮಲಗಿಸಿ ಇಡಿ, ಬಾಗಿದ ಹಾಗೆ ಬೇಡ. ಅಕ್ಟೋಬರ್‌ನಲ್ಲಿ ಮತ್ತೆ ಹಾಕುವಾಗ ಆ ಸಡಿಲ ಸುತ್ತಿನ ಜಾಗದಲ್ಲಿ ವೈರನ್ನು ಬೆರಳಲ್ಲಿ ಬಗ್ಗಿಸಿ ನೋಡಿ. ಬಿರುಕು ಕಂಡರೆ ಒಂದು ಫೋಟೊ ಇಲ್ಲಿ ಹಾಕಿ.